ಹಸಿ ಮರದ ಕಿಟಕಿಗಳು

ಚನ್ನಪಟ್ಟಣದ ಹಮೀದಾಬಿಗೆ ನಿಜವಾಗಿ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅವಳ ಮನೆಗೆ ರೇಷ್ಮೆ ನೂಲು ತೆಗೆಯಲು ಬರುತ್ತಿದ್ದ ನಾಲ್ವರು ಹೆಂಗಸರಿಗೂ ಇದು ಚೆನ್ನಾಗಿ ಗೊತ್ತಿತ್ತು. ಅವಳು ಕೂಗಾಡುತ್ತಿದ್ದರೆ ಅವರು ನಗುತ್ತಲೇ ಚರಕ ತಿರುಗಿಸುತ್ತಿದ್ದರು. ಮಾತು ಮೆತ್ತಗಾದ ದಿನ ಮಾತ್ರ ಯಾರೂ ತಲೆ ಎತ್ತುತ್ತಿರಲಿಲ್ಲ.

ಅವಳ ತಂದೆ ರಸೂಲ್ ಸಾಬರು ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಗಿಲಕಿ, ಬುಗುರಿ ಮಾಡುತ್ತಿದ್ದವರು. ಮದುವೆಯಾಗಿ ಬಂದದ್ದು ನೂಲು ತೆಗೆಯುವವರ ಮನೆಗೆ. ಪ್ಲೇಗು ಬಂದ ವರ್ಷ ಗಂಡ ತೀರಿಕೊಂಡ. ಚರಕಗಳನ್ನು ಮಾರಿ ತವರಿಗೆ ಹೋಗೆಂದು ಎಲ್ಲರೂ ಹೇಳಿದರು. ಅವಳು ಹೋಗಲಿಲ್ಲ. ಎರಡು ಚರಕ ಇದ್ದದ್ದು ಆರು ವರ್ಷದಲ್ಲಿ ನಾಲ್ಕಾಯಿತು. ಹೊಗೆ, ಹಬೆ, ಗೂಡು ಬೆಂದ ವಾಸನೆ ಎಲ್ಲ ಅಡಿಗೆಮನೆಯಲ್ಲೇ ತುಂಬಿಕೊಂಡು ಉಸಿರು ಕಟ್ಟುವಂತಾದಾಗ, ಹಿತ್ತಲಲ್ಲಿ ನೂಲಿಗೆಂದೇ ಒಂದು ಕೋಣೆ ಕಟ್ಟಿಸಿದಳು. ಅದಕ್ಕೊಂದು ದೊಡ್ಡ ಕಿಟಕಿ. ಜೊತೆಗೆ ಬೀದಿ ಕಡೆಯ ಕೋಣೆಗೂ ಎರಡು ಹೊಸ ಕಿಟಕಿ ಇರಲಿ ಎಂದಳು.

ಕೆಲಸದ ಮೇಲ್ವಿಚಾರಣೆ ಮೈದುನ ಬಾಬಾಜಾನನದು. ಗಂಡಸಿಲ್ಲದ ಮನೆಯಲ್ಲಿ ಮರದವನ ಜೊತೆ, ಗಾರೆಯವನ ಜೊತೆ ಹೆಂಗಸು ನಿಂತು ಮಾತಾಡಿದರೆ ಚೆನ್ನಾಗಿರುವುದಿಲ್ಲ ಎಂದು ಅವನೇ ಮುಂದೆ ಬಂದಿದ್ದ. ಅವಳಿಗೂ ನೂಲಿನ ಕೆಲಸ ಕೈತುಂಬ ಇತ್ತು, ಒಪ್ಪಿದಳು. ರೈಲ್ವೆ ಸ್ಟೇಷನ್ನಿನ ಹತ್ತಿರ ಮರದ ಮಂಡಿ ಇಟ್ಟಿದ್ದ ಹಬೀಬ್ ಸಾಬರಿಂದ ಹೊನ್ನೆ ಮರ ಬಂತು. ಹಬೀಬ್ ಸಾಬರೆಂದರೆ ಊರಲ್ಲಿ ದೊಡ್ಡ ಮನುಷ್ಯ. ಮಸೀದಿಯ ಕೆಲಸಕ್ಕೆ ಕೈಬಿಚ್ಚಿ ಕೊಡುವವರು. ಎರಡು ವರ್ಷ ನೆರಳಲ್ಲಿ ಒಣಗಿದ ಮರ ಎಂದು ಹೇಳಿ ಕಳಿಸಿದ್ದರು. ಚೌಕಟ್ಟು, ಕದ ಮಾಡಿದವನು ಕಾನಕಾನಹಳ್ಳಿಯಿಂದ ಬಂದು ಇಲ್ಲೇ ಕೆಲಸ ಮಾಡಿಕೊಂಡಿದ್ದ ಚೆಲುವಯ್ಯ ಆಚಾರಿ. ದೀಪಾವಳಿ ಹೊತ್ತಿಗೆ ಮೂರೂ ಕಿಟಕಿ ಗೋಡೆಗೆ ಕೂತವು. ನೋಡಲು ಚೆಂದವಾಗಿಯೇ ಇದ್ದವು.

ಸಂಕ್ರಾಂತಿ ಕಳೆಯಿತು. ಬೀದಿ ಕಡೆಯ ಒಂದು ಕಿಟಕಿಯ ಎರಡು ಕದಗಳು ಮೇಲುಗಡೆ ಕೂಡುತ್ತಿದ್ದವು, ಕೆಳಗೆ ಎರಡು ಬೆರಳು ದೂರ ನಿಲ್ಲುತ್ತಿದ್ದವು. ಇನ್ನೊಂದು ಕಿಟಕಿಯ ಚೌಕಟ್ಟು ಗೋಡೆಯಿಂದಲೇ ಬಿಡಿಸಿಕೊಂಡು ಒಂದು ಮೂಲೆ ಮುಂದೆ ಚಾಚಿತು. ನೂಲಿನ ಕೋಣೆಯದು ಬೇರೆಯೇ ರೀತಿ: ಚೌಕಟ್ಟು ತಿರುಚಿಕೊಂಡು ಕದಗಳನ್ನು ಇಕ್ಕಳದ ಹಾಗೆ ಹಿಡಿದುಬಿಟ್ಟಿತು. ಬಾಬಾಜಾನ್ ಬಂದು ಸುತ್ತಿಗೆಯಲ್ಲಿ ಬಡಿದು ಬಿಡಿಸಿದ. ನಾಲ್ಕು ದಿನಕ್ಕೆ ಮತ್ತೆ ಹಿಡಿಯಿತು. ಮತ್ತೆ ಬಡಿದ. ಹೊಸ ಕೆಲಸ ಎಂದಮೇಲೆ ಇದೆಲ್ಲ ಇದ್ದದ್ದೇ, ಒಂದು ಮಳೆಗಾಲ ಕಳೆದರೆ ತಾನಾಗಿ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿ ಹೋದ.

ಶಿವರಾತ್ರಿ ಕಳೆದ ಮಾರನೆಯ ವಾರ ಆ ಕಿಟಕಿ ಬೆಳಿಗ್ಗೆಯಿಂದಲೇ ತೆಗೆಯಲು ಬರಲಿಲ್ಲ. ಬೈರಮಂಗಲದ ಕಡೆಯಿಂದ ಗೂಡು ಬಂದು ಬಿದ್ದಿತ್ತು. ತಡಮಾಡಿದರೆ ಹುಳು ಚಿಟ್ಟೆಯಾಗಿ ಗೂಡು ತೂತಾಗುತ್ತದೆ. ಹಾಗಾಗಿ ಬಾಗಿಲೊಂದನ್ನೇ ತೆರೆದಿಟ್ಟು ಕೆಲಸ ಶುರುಮಾಡಿದರು. ನಾಲ್ಕು ಒಲೆಯ ಹೊಗೆ, ನಾಲ್ಕು ಕೊಪ್ಪರಿಗೆಯ ಹಬೆ. ಹೊತ್ತು ನೆತ್ತಿಗೆ ಬರುವಾಗ ಗೋಡೆ ಬದಿಯಲ್ಲಿ ಕೂತಿದ್ದ ಮುನ್ನೀ ಎಂಬವಳು ತಲೆ ತಿರುಗಿ ಮುಂದಕ್ಕೆ ವಾಲಿದಳು. ಎರಡು ಮಕ್ಕಳ ತಾಯಿ, ನಾಲ್ವರಲ್ಲಿ ಅತಿ ಸಣ್ಣ ನೂಲು ತೆಗೆಯುವವಳು. ಬಲಗೈ ಮೊಣಕೈವರೆಗೂ ಕುದಿಯುವ ನೀರಿಗೆ ಹೋಯಿತು.

ಹಮೀದಾಬಿ ಅವಳನ್ನು ಎತ್ತಿಕೊಂಡು ಹೊರಗೆ ತಂದಳು, ಆಸ್ಪತ್ರೆಗೆ ಗಾಡಿ ಕಟ್ಟಿಸಿದಳು. ಹಿಂದಿರುಗಿ ಬಂದವಳೇ ನೂಲಿನ ಕೋಣೆಗೆ ಹೋಗಿ, ಒನಕೆ ತೆಗೆದುಕೊಂಡು ಆ ಕಿಟಕಿಯ ಕದಗಳನ್ನು ಒಡೆದು ಹಾಕಿದಳು.

ಊರಲ್ಲಿ ಮಾತು ಎದ್ದಿತು. ಮೂರನೆಯ ದಿನ ಹಬೀಬ್ ಸಾಬರೇ ನೋಡಿ ಹೋಗಲು ಬಂದರು. ಜೊತೆಯಲ್ಲಿ ಮಸೀದಿಯ ಮುತವಲ್ಲಿ, ಅಂದರೆ ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದ ಮುದುಕರು, ಮತ್ತು ಬಾಬಾಜಾನ್. ಹಮೀದಾಬಿ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಬಳಿ ನಿಂತಳು. ಹಬೀಬ್ ಸಾಬರು ಒಡೆದ ಕದವನ್ನು ಕಾಲಲ್ಲೇ ಸರಿಸಿ ನೋಡಿ, ಹಗಲೆಲ್ಲ ಹಬೆ ಬಿಟ್ಟರೆ ಕಬ್ಬಿಣವೂ ಬಾಗುತ್ತದೆ, ಇನ್ನು ಮರದ ಪಾಡೇನು ಎಂದರು. ಹೆಂಗಸರು ನೀರು ಚೆಲ್ಲಾಡುವುದು, ಕಿಟಕಿಯನ್ನು ದರದರ ಎಳೆಯುವುದು, ಇದೆಲ್ಲ ಗಂಡಸು ನೋಡಿಕೊಳ್ಳುವ ಮನೆಯಲ್ಲಿ ಆಗುವುದಿಲ್ಲ ಎಂದೂ ಸೇರಿಸಿದರು.

ಹಮೀದಾಬಿ ಮೆತ್ತಗೆ ಕೇಳಿದಳು: “ಸಾಬ್ರೆ, ಬೀದಿ ಕಡೆ ಕೋಣೇಲಿ ಒಲೆ ಇಲ್ಲ, ನೀರಿಲ್ಲ. ಅಲ್ಲಿ ಕೂತು ನಮಾಜು ಮಾಡ್ತೀನಿ, ಅಷ್ಟೇಯ. ಆ ಕಿಟಕಿ ಯಾಕೆ ಸೊಟ್ಟಗಾಯ್ತು?”

ಹಬೀಬ್ ಸಾಬರು, ಹಾಗಾದರೆ ಅದು ಆಚಾರಿಯ ಕೈ ಎಂದರು. ಕೀಲು ಕೂಡಿಸಲು ಬಾರದವನನ್ನು ಕರೆದರೆ ಆಗುವುದೇ ಹೀಗೆ. ಅದಕ್ಕೇ ಅವನು ಊರು ಬಿಟ್ಟು ಓಡಿಹೋಗಿದ್ದಾನೆ, ಈಗ ಯಾರೂ ಅವನನ್ನು ಕೆಲಸಕ್ಕೆ ಕರೆಯುತ್ತಿಲ್ಲ. ಬಾಬಾಜಾನ್ ಹೌದೆಂದು ತಲೆಯಾಡಿಸಿದ. ಆದರೆ ನೆಲ ನೋಡುತ್ತ ಆಡಿಸಿದ. ಅದು ಹಮೀದಾಬಿಯ ಕಣ್ಣಿಗೆ ಬಿತ್ತು.

ಮುನ್ನೀಯ ಕೈಯ ಬಟ್ಟೆ ಬಿಚ್ಚಿ ಔಷಧ ಹಾಕುವುದನ್ನು ದಿನಾ ನೋಡುತ್ತಿದ್ದವಳಿಗೆ ಆ ಆಚಾರಿಯನ್ನು ನೆನೆದರೆ ಮೈ ಉರಿಯುತ್ತಿತ್ತು. ಮುಖಕ್ಕೆ ಮುಖ ಕೊಟ್ಟು ಕೇಳಲೇಬೇಕು ಎನಿಸಿತು. ಚಿಕ್ಕಮ್ಮ ಸಾಬಿರಾಳನ್ನು ಜೊತೆಗೆ ಕರೆದುಕೊಂಡು, ನಸುಕಿಗೇ ಗಾಡಿ ಹೂಡಿಸಿ ಕಾನಕಾನಹಳ್ಳಿಗೆ ಹೊರಟಳು. ಮೈದುನನಿಗೆ ಹೇಳಲಿಲ್ಲ.

ಸಂಜೆ ತಲುಪಿದಾಗ ಚೆಲುವಯ್ಯ ಮನೆ ಮುಂದಿನ ಚಪ್ಪರದಲ್ಲಿ ನೇಗಿಲು ಕೆತ್ತುತ್ತಿದ್ದ. ಐವತ್ತು ದಾಟಿದ ಸಣಕಲು ಮನುಷ್ಯ. ಗಾಡಿಯಿಂದ ಇಳಿದವಳನ್ನು ಗುರುತಿಸಿ ಎದ್ದು ನಿಂತ. ಅವಳು ನೀರನ್ನೂ ಮುಟ್ಟದೆ ನಡೆದದ್ದನ್ನೆಲ್ಲ ಹೇಳಿದಳು: ಕಿಟಕಿ ತಿರುಚಿದ್ದು, ಮುನ್ನೀ ಬಿದ್ದದ್ದು, ಬೆಂದ ಕೈ. ನಿನ್ನ ಕೈ ನೆಟ್ಟಗಿದೆ, ಅವಳದು ಹೋಯಿತು ಎಂದಳು.

ಚೆಲುವಯ್ಯ ಉಳಿಯನ್ನು ಕೆಳಗಿಟ್ಟ.

“ತಾಯಿ, ನಾನು ಮೂರು ಸಲ ಯೋಳಿದೆ,” ಅಂದ. “ಮರ ಹಸಿ ಐತೆ, ಉಳಿ ಇಟ್ರೆ ಪುಡಿ ಹಾರಾಕಿಲ್ಲ, ನಾರು ನಾರಾಗಿ ಬತ್ತದೆ, ಕೆನ್ನೆಗಿಟ್ರೆ ತಣ್ಣಗೆ ಕೊರೀತದೆ, ಇದು ಕಡ್ದು ಆರು ತಿಂಗ್ಳೂ ಆಗಿಲ್ಲ ಅಂದೆ. ಬ್ಯಾಸ್ಗೇಲಿ ಸೊಟ್ಟಗಾಯ್ತದೆ ಅಂದೆ.”

“ಯಾರ ತಾವ ಯೋಳ್ದೆ?”

“ನಿಮ್ ಮೈದ್ನೋರ ತಾವ.”

“ನನ್ ತಾವ ಯಾಕೆ ಯೋಳ್ನಿಲ್ಲ?”

“ಹೆಂಗಸ್ರ ತಾವ ಮಾತಾಡ್ಬ್ಯಾಡ, ಏನಿದ್ರೂ ನನ್ ತಾವ ಅಂದ್ರು. ನೀವು ಒಳಗಿದ್ರಿ. ನಾನೂ ಸುಮ್ಕಾಗ್ಬುಟ್ಟೆ.” ಅವನು ತಲೆ ತಗ್ಗಿಸಿದ. “ಕೆಲ್ಸ ಬುಟ್ಟು ಎದ್ದೋಗಬೇಕಿತ್ತು. ಹೋಗ್ನಿಲ್ಲ. ಅದು ನನ್ ತಪ್ಪೇಯ.”

ಹಮೀದಾಬಿ ಜಗಲಿಯ ಮೇಲೆ ಕೂತಳು. ಅಷ್ಟು ದೂರದಿಂದ ಹೊತ್ತು ತಂದ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ತಾನೇ ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಇನ್ನೊಂದು ಸಿಟ್ಟು ಬಂತು, ಮೊದಲಿನದಕ್ಕಿಂತ ದೊಡ್ಡದು. ಮನೆ ತನ್ನದು, ಕಿಟಕಿ ತನ್ನದು, ಅದರ ಕೆಳಗೆ ಕೂತು ಬೇಯುವವರು ತನ್ನ ಹೆಂಗಸರು. ಮರದ ವಿಷಯ ತನಗೆ ಗೊತ್ತಿಲ್ಲವೇ? ತಂದೆ ಹಾಲೆ ಮರದ ತುಂಡುಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಒಂದಕ್ಕೊಂದು ಬಡಿದು, ಟಣ್ ಎಂದು ದನಿ ಕೊಟ್ಟರೆ ಮಾತ್ರ ಕಡೆಯಲು ಕೊಡುತ್ತಿದ್ದರು. ಹಾಗೆ ಬಡಿದು ನೋಡುವ ಕೆಲಸ ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳದೇ ಆಗಿತ್ತು. ಆ ಹೊನ್ನೆ ತೊಲೆಯನ್ನು ಒಂದು ಸಲ ಬೆರಳಲ್ಲಿ ತಟ್ಟಲು ಬಿಟ್ಟಿದ್ದರೆ ಸಾಕಿತ್ತು.

ರಾತ್ರಿ ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಅವಳು ಚೆಲುವಯ್ಯನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಹಬೆಗೂ ಪಾಲಿದೆಯೇ ಎಂದದ್ದಕ್ಕೆ ಅವನು ಇದೆ ಎಂದ, ಮುಚ್ಚಿಡಲಿಲ್ಲ. ಹಸಿ ಮರ ಒಣಗುತ್ತ ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲವಾದ್ದರಿಂದ ತಿರುಚುತ್ತದೆ. ಬೀದಿ ಕಡೆಯವು ಹಾಗೆ ಹಾಳಾದವು. ನೂಲಿನ ಕೋಣೆಯದಕ್ಕೆ ಇನ್ನೊಂದು ಕೇಡು ಸೇರಿತ್ತು. ಚೌಕಟ್ಟಿನ ಮುಂಭಾಗಕ್ಕೆ ಮಾತ್ರ ಎಣ್ಣೆ ಹಚ್ಚಿ, ಗೋಡೆಯೊಳಗೆ ಹೋಗುವ ಬೆನ್ನು, ತುದಿಗಳನ್ನು ಹಾಗೇ ಬಿಟ್ಟಿದ್ದರು. ಹೇಗೂ ಕಾಣುವುದಿಲ್ಲವಲ್ಲ, ಬೇಗ ಮುಗಿಸು ಎಂದಿದ್ದ ಬಾಬಾಜಾನ್. ಮಣ್ಣಿನ ಗೋಡೆ ಹಬೆಯನ್ನು ಹೀರಿ ಬೆನ್ನಿಗೆ ಕೊಟ್ಟಿತು. “ಒಂದು ಮಗ್ಗಲು ನೀರು ಕುಡ್ದು ಉಬ್ಬಿ, ಇನ್ನೊಂದು ಮಗ್ಗಲು ಒಣಗ್ತಾ ಇದ್ರೆ, ಮರ ಬಾಗ್ದೆ ಏನ್ ಮಾಡ್ತದೆ ತಾಯಿ?” ಅಂದ ಚೆಲುವಯ್ಯ. ಈಗ ಅದನ್ನು ನೆಟ್ಟಗೆ ಮಾಡಬಹುದೇ ಎಂದಳು. ಒದ್ದೆ ಗೋಣಿ ಸುತ್ತಿ, ಬೆಣೆ ಹೊಡೆದು, ಕಲ್ಲು ಹೇರಿ ನೋಡಬಹುದು; ಕದಗಳು ಒಂದೆರಡು ತಿರುಗಿ ಬಂದರೂ ಬಂದಾವು. ತಿರುಚಿದ ಚೌಕಟ್ಟು ಮಾತ್ರ ಬರುವುದಿಲ್ಲ, ಬಡಿದಷ್ಟೂ ಕೀಲು ಸಡಿಲವಾಗುತ್ತದೆ ಎಂದ.

ಚನ್ನಪಟ್ಟಣಕ್ಕೆ ಬಂದವಳು ಮೊದಲು ಕರೆಸಿದ್ದು ಬಾಬಾಜಾನನನ್ನು. ಅವನು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ಮಗಳು ತಾಹೇರಾಳನ್ನು ಹಬೀಬ್ ಸಾಬರ ಮಗನಿಗೆ ಕೊಡುವ ಮಾತುಕತೆ ಆಗ ನಡೆದಿತ್ತು. ಬೀಗರಾಗುವವರ ಮರವನ್ನು ಹಸಿ ಎಂದು ವಾಪಸ್ಸು ಕಳಿಸುವುದು ಹೇಗೆ? ಒಂದು ಕಿಟಕಿ ವಾಲಿದರೆ ಏನು ಮಹಾ ಎಂದುಕೊಂಡೆ, ಹೀಗಾಗುತ್ತದೆಂದು ಅಂದುಕೊಳ್ಳಲಿಲ್ಲ ಭಾಭಿ ಎಂದು ಕಣ್ಣಲ್ಲಿ ನೀರು ತಂದುಕೊಂಡ.

“ಮರ ಹಸಿ ಅಂತ ನಿನಗೆ ಗೊತ್ತಿತ್ತು,” ಎಂದಳು ಹಮೀದಾಬಿ. “ಗೊತ್ತಿದ್ದೂ ಸಂಕ್ರಾಂತಿಯಿಂದ ಸುತ್ತಿಗೆ ತಂದು ಬಡಿದೆ. ಆ ಬಡವನ ಹೆಸರು ಕೆಡಿಸುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಅಳಬೇಡ. ಮುನ್ನೀ ಅತ್ತಿಲ್ಲ.”

ಅವಳು ಸುಮ್ಮನಿರಲಿಲ್ಲವಾದ್ದರಿಂದ ಸಂಗತಿ ಓಣಿಯಿಂದ ಓಣಿಗೆ ಹರಡಿತು. ವಾರದೊಳಗೆ ಹಬೀಬ್ ಸಾಬರ ಗಾಡಿ ಬಂದು ಬಾಗಿಲಲ್ಲಿ ನಿಂತಿತು, ಹೊಸ ಹೊನ್ನೆ ತೊಲೆಗಳನ್ನು ಹೇರಿಕೊಂಡು. ದೇವರ ಹೆಸರಲ್ಲಿ ಒಬ್ಬ ವಿಧವೆಗೆ ಕೊಡುತ್ತಿದ್ದೇನೆ, ಎರಡು ವರ್ಷ ಒಣಗಿದ ಮರ, ಇನ್ನು ಮಾತು ಬೆಳೆಸುವುದು ಬೇಡ ಎಂದು ಹೇಳಿ ಕಳಿಸಿದ್ದರು. ಅಂದರೆ ತಪ್ಪು ತಿದ್ದಿಕೊಳ್ಳುವುದಲ್ಲ, ಧರ್ಮ ಮಾಡುವುದು! ಹಮೀದಾಬಿ ಗಾಡಿಯ ಬಳಿಗೆ ಹೋಗಿ, ಬೀದಿಯವರೆಲ್ಲ ನೋಡುತ್ತಿದ್ದಂತೆ, ಬೆರಳ ಗೆಣ್ಣಿನಿಂದ ಒಂದು ತೊಲೆಯನ್ನು ತಟ್ಟಿದಳು. ಡೊಬ್ ಎಂದಿತು. ಇನ್ನೊಂದನ್ನು ತಟ್ಟಿದಳು. ಅದೂ ಹಾಗೇ. ತೊಲೆಗಳನ್ನು ಇಳಿಸಿ ಹೋಗಿ, ಆದರೆ ಮುತವಲ್ಲಿ ಸಾಹೇಬರ ಎದುರಿಗೆ ತೂಗಿದ ಮೇಲೆಯೇ ಇವು ನನ್ನ ಹೊಸಿಲು ದಾಟುವುದು ಎಂದಳು.

ಆ ಶುಕ್ರವಾರ ನಮಾಜು ಮುಗಿದ ಮೇಲೆ ಮುತವಲ್ಲಿ ಬಂದರು, ಹಬೀಬ್ ಸಾಬರೂ ಬರಲೇಬೇಕಾಯಿತು. ಚೆಲುವಯ್ಯನನ್ನು ಅವಳು ಮೊದಲೇ ಕರೆಸಿದ್ದಳು. ತೊಲೆಯ ತುದಿಯಿಂದ ಅವನು ತುಂಡು ತೆಗೆಯಹೊರಟಾಗ ತಡೆದಳು. ತುದಿ ಬೇಗ ಒಣಗಿ ಮೋಸ ಮಾಡುತ್ತದೆ, ಒಂದು ಮೊಳ ಒಳಗೆ ಹೋಗಿ ಕೊಯ್ಯಿರಿ ಎಂದಳು. ನಾಲ್ಕು ಬೆರಳು ದಪ್ಪದ ಎರಡು ತುಂಡು ಬಂದವು. ತವರಿನ ಅಟ್ಟದಲ್ಲಿ ಏಳೆಂಟು ವರ್ಷದಿಂದ ಬಿದ್ದಿದ್ದ ಹೊನ್ನೆಯ ಹಳೆಯ ತುಂಡೊಂದನ್ನೂ ತಂದಿಟ್ಟಳು. ಮೂರನ್ನೂ ರೇಷ್ಮೆ ತೂಗುವ ತಕ್ಕಡಿಯಲ್ಲಿ ತೂಗಿದರು. ಹಬೀಬ್ ಸಾಬರ ತುಂಡುಗಳು ನಲವತ್ತೆಂಟು ತೊಲ, ನಲವತ್ತಾರು ತೊಲ, ಹಳೆಯದು ನಲವತ್ತು. ಒಂದು ತಿಂಗಳು ಒಣಗಿಸಿ ಮತ್ತೆ ತೂಗೋಣ, ಹಸಿಯಿದ್ದರೆ ತೂಕ ಇಳಿಯುತ್ತದೆ ಎಂದಳು. ಅಷ್ಟರಲ್ಲಿ ಯಾರೂ ಬದಲಾಯಿಸಬಾರದೆಂದು ಪ್ರತಿ ತುಂಡಿನ ಒಂದು ಮೂಲೆಗೆ ಕೆಂಪು ಅರಗಿನ ಬೊಟ್ಟಿಟ್ಟು ಅದರ ಮೇಲೆ ಮುತವಲ್ಲಿಯವರ ಉಂಗುರ ಒತ್ತಿಸಿದಳು.

ಹಬೀಬ್ ಸಾಬರು ನಕ್ಕರು. ಒಲೆಯ ಮೇಲಿಟ್ಟು ಸುಟ್ಟರೆ ಯಾವ ಮರ ತಾನೇ ತೂಕ ಕಳೆದುಕೊಳ್ಳುವುದಿಲ್ಲ ಎಂದರು.

“ನನ್ನ ಮನೇಲಿ ಇಡೋದು ಬ್ಯಾಡ ಸಾಬ್ರೆ, ನಿಮ್ಮ ಮನೇಲೂ ಬ್ಯಾಡ,” ಎಂದಳು ಅವಳು. “ಮಸೀದಿ ಮಾಳಿಗೆ ಮ್ಯಾಲೆ ಇರ್ಲಿ. ಅಲ್ಲಿ ಸುಳ್ಳು ಹೇಳೋ ಧೈರ್ಯ ನನಗಿಲ್ಲ. ನಿಮಗೈತಾ?”

ಮುತವಲ್ಲಿ ಆಗಲೆಂದರು. ಚೈತ್ರದ ಬಿಸಿಲು, ಮಳೆಯ ಸುಳಿವಿರಲಿಲ್ಲ. ತುಂಡುಗಳು ಮಾಳಿಗೆಯ ಮೇಲೆ ಒಂದು ತಿಂಗಳು ಬಿದ್ದಿದ್ದವು. ಅಷ್ಟು ದಿನ ಊರಲ್ಲಿ ಅವಳನ್ನು ಆಡಿಕೊಂಡವರೇ ಹೆಚ್ಚು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸುವವಳು ಎಂದರು. ದೊಡ್ಡವರನ್ನು ಬೀದಿಗೆಳೆದಳು ಎಂದರು. ಬಾಬಾಜಾನನ ಹೆಂಡತಿ ಬಂದು, ತಾಹೇರಾಳ ಮದುವೆ ಮುರಿಯುತ್ತದೆ, ಇದನ್ನು ಇಲ್ಲಿಗೇ ಬಿಟ್ಟುಬಿಡಿ ಎಂದು ಸೆರಗೊಡ್ಡಿ ಕೇಳಿಕೊಂಡಳು. ಆ ದಿನ ಹಮೀದಾಬಿಗೆ ಅನ್ನ ಸೇರಲಿಲ್ಲ. ಹುಡುಗಿ ಏನು ತಪ್ಪು ಮಾಡಿತ್ತು? ಆದರೆ ಮಧ್ಯಾಹ್ನ ಮುನ್ನೀ ಬಂದು, ಇನ್ನೂ ಮಡಿಚಲು ಬಾರದ ಬೆರಳುಗಳಲ್ಲಿ ಗೂಡಿನ ಎಳೆ ಹುಡುಕಲು ನೋಡಿ, ಸಿಗದೆ ಕೈ ಹಿಂದೆಗೆದುಕೊಂಡಳು. ಹಮೀದಾಬಿ ಬಿಡಲಿಲ್ಲ.

ತಿಂಗಳು ತುಂಬಿದ ದಿನ ಮಸೀದಿಯ ಮುಂದಿನ ಕಟ್ಟೆಯ ಮೇಲೆ ತಕ್ಕಡಿ ಕಟ್ಟಿದರು. ಜನ ನೆರೆದಿತ್ತು. ಅರಗಿನ ಮುದ್ರೆ ನೋಡಿ ಮುತವಲ್ಲಿಯವರೇ ತಮ್ಮ ಕೈಯಾರ ತೂಗಿದರು. ಹಳೆಯ ತುಂಡು ಅರ್ಧ ತೊಲ ಕಡಿಮೆಯಾಗಿತ್ತು. ನಲವತ್ತೆಂಟರದು ಮೂವತ್ತೇಳಕ್ಕೆ ಬಂದಿತ್ತು, ನಲವತ್ತಾರರದು ಮೂವತ್ತಾರೂವರೆ. ಸಾಲದ್ದಕ್ಕೆ ಎರಡೂ ಉದ್ದಕ್ಕೆ ಸೀಳು ಬಿಟ್ಟು, ನೆಲದ ಮೇಲಿಟ್ಟರೆ ಕುಂಟು ಮಣೆಯ ಹಾಗೆ ಆಡುತ್ತಿದ್ದವು. ಮುತವಲ್ಲಿ ಒಂದನ್ನು ಬೆರಳಲ್ಲಿ ಒತ್ತಿ, ಅದು ಅತ್ತಿತ್ತ ಆಡುವುದನ್ನು ಬಹಳ ಹೊತ್ತು ನೋಡಿದರು.

“ಹಬೀಬ್, ಇದರಲ್ಲಿ ಹೋದದ್ದೆಲ್ಲ ನೀರು,” ಎಂದರು. “ನೀರನ್ನು ಮರ ಅಂತ ಕೊಟ್ಟಿದ್ದೀಯ.”

ಹಬೀಬ್ ಸಾಬರು, ಕೂಲಿಯವರು ಗುರುತು ತಪ್ಪಿ ಬೇರೆ ರಾಶಿಯಿಂದ ಹೇರಿರಬೇಕು ಎಂದರು. ಎರಡು ಸಲವೂ ತಪ್ಪಿತೇ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಹಬೀಬ್ ಸಾಬರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹಮೀದಾಬಿಗೆ ಬೇಕಾಗಿದ್ದದ್ದು ಅದಲ್ಲ. ಅವರು ಒಂದು ಸಲ ತಿರುಗಿ, ಹಿಂದೆ ನಿಂತಿದ್ದ ಚೆಲುವಯ್ಯನನ್ನು ನೋಡಿ ತಪ್ಪಾಯಿತು ಎನ್ನಬೇಕಿತ್ತು. ಮುನ್ನೀಯ ಮನೆಗೆ ಹೋಗಿ ಎನ್ನಬೇಕಿತ್ತು. ಅವರು ಎಲ್ಲಿಗೂ ಹೋಗಲಿಲ್ಲ. ಸಂಜೆ ಬಂದ ಅವರ ಗಾಡಿ, ಉಳಿದ ತೊಲೆಗಳನ್ನು ಹೇರಿಕೊಂಡು ಸದ್ದಿಲ್ಲದೆ ಹಿಂದಕ್ಕೆ ಹೋಯಿತು.

ತಾಹೇರಾಳ ಸಂಬಂಧ ಮುರಿಯಿತು. ಬಾಬಾಜಾನ್ ಎರಡು ರಂಜಾನ್ ಹಬ್ಬಕ್ಕೆ ಅತ್ತಿಗೆಯ ಹೊಸಿಲು ತುಳಿಯಲಿಲ್ಲ. ಆಮೇಲೆ ಆ ಹುಡುಗಿಗೆ ಕ್ಲೋಸ್‌ಪೇಟೆಯ ನೂಲಿನವರ ಮನೆಯಲ್ಲಿ ಗಂಡು ಸಿಕ್ಕಿತು. ಹೇಳಿಕಳಿಸಿದರು, ಹಮೀದಾಬಿ ಹೋಗಿ ಬಂದಳು, ಬಾಬಾಜಾನ್ ತಾನೇ ಎಲೆಯಡಿಕೆ ತಂದುಕೊಟ್ಟ. ಮಾತು ಮಾತ್ರ ಮೊದಲಿನಂತಾಗಲಿಲ್ಲ. ಚೆಲುವಯ್ಯನಿಗೆ ಚನ್ನಪಟ್ಟಣದಲ್ಲಿ ಮತ್ತೆ ಕೆಲಸ ಬರತೊಡಗಿತು. ಮುನ್ನೀಯ ಎರಡು ಬೆರಳು ಬಿಗಿದುಕೊಂಡೇ ಉಳಿದವು. ಗೂಡು ಆರಿಸುವ, ನೂಲಿನ ನಯ ನೋಡಿ ಬೇರ್ಪಡಿಸುವ ಕೆಲಸವನ್ನು ಹಮೀದಾಬಿ ಅವಳಿಗೊಪ್ಪಿಸಿದಳು. ಕೊಪ್ಪರಿಗೆಯ ಮುಂದೆ ಮಾತ್ರ ಅವಳು ಮತ್ತೆ ಕೂರಲಿಲ್ಲ.

ಕಿಟಕಿಗಳಿಗೆ ಹಮೀದಾಬಿ ಅವಸರ ಮಾಡಲಿಲ್ಲ. ಮಾಗಡಿ ಕಡೆಯಿಂದ ತಾನೇ ನೋಡಿ ಮರ ತರಿಸಿ, ಒಳಗಿನ ಗಟ್ಟಿ ಚೇಗು ಇರುವ ಭಾಗವನ್ನಷ್ಟೇ ಉಳಿಸಿಕೊಂಡು ಹಲಗೆ ಕೊಯ್ಯಿಸಿದಳು. ಬಿರಿಯದಿರಲೆಂದು ಅವುಗಳ ತುದಿಗಳಿಗೆ ಅರಗು ಸವರಿ, ನಡುನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ನೆರಳಲ್ಲಿ ಪೇರಿಸಿಟ್ಟಳು. ಎರಡು ಮಳೆಗಾಲ, ಹಳೆಯ ಚೌಕಟ್ಟು ಕಿತ್ತ ಗೋಡೆಯ ಕಂಡಿಗಳಿಗೆ ಬಿದಿರಿನ ತಟ್ಟಿಯೇ ಗತಿಯಾಯಿತು. ಇರಚಲು ಹೊಡೆಯುತ್ತಿತ್ತು, ಕೋಣೆಯೊಳಗೆ ಗುಬ್ಬಿ ನುಗ್ಗುತ್ತಿತ್ತು. ಆದರೆ ಹಬೆ ಒಳಗೆ ನಿಲ್ಲುತ್ತಿರಲಿಲ್ಲ.

ಮೂರನೆಯ ವರ್ಷದ ಬೇಸಗೆಯಲ್ಲಿ ಚೆಲುವಯ್ಯ ಬಂದು ಚೌಕಟ್ಟು ಕೂಡಿಸಿದ. ಈ ಸಲ ಅವಳು ಒಳಗೆ ಇರಲಿಲ್ಲ; ಅವನ ಎದುರಿಗೇ ಮಣೆ ಹಾಕಿಕೊಂಡು ಕೂತಿದ್ದಳು. ಕಾಯಿಸಿದ ಅಗಸೆ ಎಣ್ಣೆಯನ್ನು ಮುಂದೆ, ಹಿಂದೆ, ತುದಿಗೆ, ಕೀಲಿನ ಒಳಕ್ಕೆ ಮೂರು ಸಲ ಕುಡಿಸಿದರು. ಮಣ್ಣಿಗೆ ನೇರ ತಾಗದಂತೆ ಬೆನ್ನಿಗೆ ಗಾರೆ ಕೊಟ್ಟರು. ಗೋಡೆಗೆ ಕೂರಿಸುವ ಮುಂಚೆ ಚೆಲುವಯ್ಯ ಚೌಕಟ್ಟಿನ ಎಡಗಡೆಯ ನಿಲುವು ಮರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ತಾಯಿ, ಈ ನಿಲುವಿನಾಗೆ ಒಂದು ಗಂಟು ಐತೆ,” ಅಂದ. “ಮರ ಒಣಗೈತೆ, ಅದಕ್ಕೇನಿಲ್ಲ. ಆದ್ರೂ ಮಳೆಗಾಲ್ದಾಗೆ ಒಸಿ ಎಳೀಬೋದು. ಯೋಳ್ಬೇಕು ಅನ್ನಿಸ್ತು.”

ಹಮೀದಾಬಿ ಎದ್ದು ಬಂದು ಗಂಟಿನ ಮೇಲೆ ಬೆರಳಾಡಿಸಿದಳು. ಸುತ್ತಲೂ ತಟ್ಟಿ ನೋಡಿದಳು. ಬದಲಿ ನಿಲುವಿಗೆ ಮರ ಸಾಕಾಗುತ್ತದೆಯೇ ಎಂದು ಕೇಳಿದಳು. ಸಾಕಾಗುತ್ತದೆ, ಇನ್ನು ಎರಡು ದಿನದ ಕೆಲಸ ಎಂದ ಚೆಲುವಯ್ಯ.

“ಹಂಗಾದ್ರೆ ಇದನ್ನ ತೆಗೀರಿ ಆಚಾರ್ರೆ,” ಎಂದಳು ಅವಳು. ಅವನು ಕೀಲು ಬಿಚ್ಚತೊಡಗಿದ.